ಶನಿಗೆ ಎಳ್ಳು, ಯುರೇನಸ್ಸಿಗೆ ಕಡಲೆ

ಥರ್ಮೋಕೋಲ್ ಉಂಡೆಗೆ ಸ್ಪ್ರೇ ಪೇಂಟ್ ಹೊಡೆಯಬಾರದು. ಎರಡನ್ನೂ ಒಂದೇ ಬಿಲ್ಲಿನಲ್ಲಿ ಮಾರಿದ ಅಂಗಡಿಯವರು ಅದನ್ನು ಹೇಳಲಿಲ್ಲ, ನಮ್ಮ ಯಜಮಾನರು ಕೇಳಲೂ ಇಲ್ಲ. ಬಿ.ಇ. ಓದಿದವರು ಅಂಗಡಿಯಲ್ಲಿ ಇಂಥದ್ದನ್ನೆಲ್ಲ ಕೇಳುವುದಿಲ್ಲ.

ಆರನೇ ಕ್ಲಾಸಿನ ಮಗನ ವಿಜ್ಞಾನ ಪ್ರದರ್ಶನಕ್ಕೆ ಸೌರವ್ಯೂಹ ಆಗಬೇಕಿತ್ತು. ಟೆರೇಸಿನಲ್ಲಿ ಹಳೇ ಪೇಪರ್ ಹಾಸಿ, ಮೊದಲು ಗುರುವಿಗೇ ಕೇಸರಿ ಬಣ್ಣ ಹೊಡೆದರು. ಗುರು ಚುರ್ ಅಂದ. ನೋಡನೋಡುತ್ತಲೇ ಮೈಯೆಲ್ಲ ಕುಳಿಬಿದ್ದು, ಒಂದು ಪಕ್ಕ ಕುಸಿದು, ಗೊಜ್ಜಿಗೆ ಸುಟ್ಟ ಬದನೆಕಾಯಿಯಂತಾಗಿಬಿಟ್ಟ. ಥರ್ಮೋಕೋಲ್ ಅಂದರೆ ಪಾಲಿಸ್ಟೈರೀನ್, ಅದರಲ್ಲಿ ಬಹುಪಾಲು ಬರೀ ಗಾಳಿ, ಪೇಂಟಿನ ದ್ರಾವಕ ತಾಗಿದರೆ ಕರಗುತ್ತದೆ ಅಂತ ಮಗ ಆಮೇಲೆ ಓದಿ ಹೇಳಿದ. ಯಜಮಾನರು ಸೋಲಲಿಲ್ಲ. "ಗುರುವಿನ ಮೇಲೆ ನಿಜಕ್ಕೂ ದೊಡ್ಡ ಕೆಂಪು ಮಚ್ಚೆ ಇದೆ ಕಣೋ, ಅದು ಭೂಮಿಗಿಂತ ದೊಡ್ಡ ಬಿರುಗಾಳಿ. ಇದನ್ನೇ ಮಚ್ಚೆ ಅಂದರಾಯಿತು" ಅಂದರು. ಇಡೀ ಗ್ರಹವೇ ಮಚ್ಚೆಯಾಗಿದ್ದರಿಂದ ಮಗ ಒಪ್ಪಲಿಲ್ಲ.

ಶನಿಯದು ಬೇರೆ ಕಥೆ. ಬಳೆಗೆಂದು ಹಳೇ ಸಿ.ಡಿ. ಹುಡುಕಿದರೆ ಸಿಕ್ಕಿದ್ದು ನಮ್ಮ ಮದುವೆಯದು. ಸಿ.ಡಿ.ಯ ತೂತು ಒಂದೂವರೆ ಸೆಂಟಿಮೀಟರ್, ಉಂಡೆ ತೂರುವುದಿಲ್ಲ. ಹಾಗಾಗಿ ಉಂಡೆಯನ್ನು ಎರಡು ಹೋಳು ಮಾಡಿ ಆಚೆಗೊಂದು ಈಚೆಗೊಂದು ಅಂಟಿಸಬೇಕು. ಗೋಂದು ಹಚ್ಚುವಷ್ಟರಲ್ಲಿ ಅತ್ತೆ ಬಂದರು.

"ಏನೇ ಇದು, ಮದುವೆ ಮೇಲೆ ಶನೀನ ಕೂರಿಸ್ತಿದ್ದೀರಾ?"

ಆ ಸಿ.ಡಿ. ಹಾಕಿ ನೋಡಲು ಮನೆಯಲ್ಲಿ ಪ್ಲೇಯರ್ ಇಲ್ಲ, ಇದ್ದರೂ ಯಾರೂ ನೋಡುತ್ತಿರಲಿಲ್ಲ. ಆದರೂ ನನಗೆ ಒಂಥರಾ ಆಯಿತು. ಸಿ.ಡಿ. ಮತ್ತೆ ಬೀರು ಸೇರಿತು. ಶನಿ ಎರಡು ಹೋಳಾಗಿಯೇ ಉಳಿದ.

ಮಗನಿಗೆ ಥರ್ಮೋಕೋಲಿನ ಸಹವಾಸವೇ ಸಾಕಾಗಿ ಲೆಕ್ಕಕ್ಕೆ ಕೂತ. ಭೂಮಿಯನ್ನು ಎರಡು ಮಿಲಿಮೀಟರಿನ ಸಾಸಿವೆ ಅಂದುಕೊಂಡರೆ, ಅದರ 109 ಪಟ್ಟು ಅಡ್ಡಗಲದ ಸೂರ್ಯ ಅವನ ಫುಟ್‌ಬಾಲಿನಷ್ಟು. ಬುಧ ಗಸಗಸೆ, ಶುಕ್ರ ಇನ್ನೊಂದು ಸಾಸಿವೆ, ಮಂಗಳ ರಾಗಿ. ಗುರು ನೆಲ್ಲಿಕಾಯಿ, ಶನಿ ಅದಕ್ಕಿಂತ ತುಸು ಸಣ್ಣ ನೆಲ್ಲಿಕಾಯಿ. ಯುರೇನಸ್, ನೆಪ್ಚೂನ್ ಒಂದೊಂದು ಕಡಲೆ. ಅಡುಗೆಮನೆ ದಾಟದೆ ಬ್ರಹ್ಮಾಂಡ ಮುಗಿಯಿತಲ್ಲ ಅಂತ ನನಗೆ ಖುಷಿ.

ಅತ್ತೆಗೆ ಆಗಲಿಲ್ಲ. ಗ್ರಹಗಳಿಗೆ ಧಾನ್ಯ ಹಂಚುವ ಕೆಲಸ ನಮ್ಮಲ್ಲಿ ಯಾವತ್ತೋ ಆಗಿಹೋಗಿದೆ. ಶನಿಗೆ ಎಳ್ಳು, ಗುರುವಿಗೆ ಕಡಲೆ, ಬುಧನಿಗೆ ಹೆಸರು, ಕುಜನಿಗೆ ತೊಗರಿ. ನವಗ್ರಹ ಹೋಮಕ್ಕೆ ಸಾಮಾನು ಕಟ್ಟಿಸಿದವರಿಗೆಲ್ಲ ಗೊತ್ತಿರುವ ಪಟ್ಟಿ ಅದು.

"ಗುರುವಿನ ಕಡಲೆ ಕಿತ್ತು ಯಾರಿಗೆ ಕೊಟ್ಟೆಯೋ?"

"ಯುರೇನಸ್ಸಿಗೆ ಅಜ್ಜಿ. 1781ರಲ್ಲಿ ಹರ್ಷೆಲ್ ಅನ್ನೋರು ಕಂಡುಹಿಡಿದರು."

"ಮೊನ್ನೆ ಮೊನ್ನೆ ಬಂದಿದ್ದಕ್ಕೆ ಕಡಲೆ ಯಾಕೆ? ರಾಹು ಕೇತು ಎಲ್ಲಿ?"

"ಅವು ಗ್ರಹ ಅಲ್ಲ ಅಜ್ಜಿ, ಚಂದ್ರನ ದಾರಿ ಸೂರ್ಯನ ದಾರಿಯನ್ನು ದಾಟೋ ಜಾಗ."

"ಜಾಗಕ್ಕೆ ಉದ್ದು, ಹುರುಳಿ ಇಡಬಾರದಾ?"

ಈ ನಡುವೆ ಯಜಮಾನರು ಪ್ಲೂಟೊ ಹಿಡಿದುಕೊಂಡು ಬಂದರು. ಅದನ್ನು 2006ರಲ್ಲೇ ಪಟ್ಟಿಯಿಂದ ತೆಗೆದಿದ್ದಾರೆ ಅಂದರೂ, "ನಾವು ಓದುವಾಗ ಒಂಬತ್ತಿತ್ತು" ಅನ್ನುವುದೇ ಅವರ ವಾದ. ಒಂಬತ್ತು ಅನ್ನುವುದರಲ್ಲಿ ತಾಯಿ ಮಗ ಒಂದಾದರು. ಯಾವ ಒಂಬತ್ತು ಎನ್ನುವುದರಲ್ಲಿ ರಾತ್ರಿ ಊಟದವರೆಗೂ ಜಗಳ.

ನಿಜವಾದ ಕಷ್ಟ ದೂರದ್ದು. ಪುಸ್ತಕದ ಚಿತ್ರಗಳಲ್ಲಿ ಗ್ರಹಗಳು ಗ್ರೂಪ್ ಫೋಟೋಗೆ ನಿಂತಂತೆ ಒತ್ತಾಗಿರುತ್ತವಲ್ಲ, ಅದು ಶುದ್ಧ ಮೋಸ. ಫುಟ್‌ಬಾಲ್ ನಮ್ಮ ಗೇಟಿನ ಕಂಬದ ಮೇಲಿದ್ದರೆ ಸಾಸಿವೆ ಇರಬೇಕಾದ್ದು ಇಪ್ಪತ್ಮೂರು ಮೀಟರ್ ಆಚೆ, ಪಕ್ಕದ ಮನೆ ದಾಟಿ ಲೈಟ್ ಕಂಬದ ಬುಡದಲ್ಲಿ. ಗುರು 120 ಮೀಟರ್ ದೂರದ ಹಾಲಿನ ಬೂತಿನ ಹತ್ತಿರ, ಶನಿ ಗಣಪತಿ ಗುಡಿ ಹತ್ತಿರ. ನೆಪ್ಚೂನ್ 700 ಮೀಟರ್ ಆಚೆಯ ಬಸ್ ಸ್ಟಾಪಿನಲ್ಲಿ. ಅಲ್ಲಿಗೆ ಕಡಲೆ ಇಟ್ಟುಬರಲು ಯಜಮಾನರು ಸ್ಕೂಟರ್ ತೆಗೆದರು.

ಭಾನುವಾರ ಬೆಳಿಗ್ಗೆ ರಟ್ಟಿನ ಚೂರುಗಳಿಗೆ ಕಾಳು ಅಂಟಿಸಿ ಬೀದಿಯುದ್ದಕ್ಕೂ ಇಟ್ಟೆವು. ಫೋಟೋ ತೆಗೆಯೋಣ ಅಂತ ಫೋನ್ ತರುವಷ್ಟರಲ್ಲಿ ಮಂಗಳ ಮಾಯ. ಇರುವೆ. ನಮ್ಮ ಮಂಗಳಯಾನ 2013ರ ನವೆಂಬರಿನಲ್ಲಿ ಹೊರಟು ಅಲ್ಲಿಗೆ ಮುಟ್ಟಿದ್ದು ಮರುವರ್ಷದ ಸೆಪ್ಟೆಂಬರಿನಲ್ಲಿ. ಇರುವೆಗೆ ಅಷ್ಟೇನೂ ಹಿಡಿಯಲಿಲ್ಲ, ಮತ್ತೆ ಅದು ಗ್ರಹವನ್ನೇ ಹೊತ್ತುಕೊಂಡು ಹೋಯಿತು. ಎದುರುಮನೆಯವರು ರಂಗೋಲಿಗೆಂದು ಗುಡಿಸಿದಾಗ ಶುಕ್ರನೂ ಹೋದ. ಹಾಲಿನ ಬೂತಿನ ಹುಡುಗ ಗುರುವಿಗೆ ಉಪ್ಪು ಹಚ್ಚಿ ತಿಂದಿದ್ದ. ಕೇಳಿದರೆ, "ಆಂಟಿ, ಯಾರೋ ಬೀಳಿಸಿದ್ದಾರೆ ಅಂದ್ಕೊಂಡೆ. ಹುಳಿ ಇತ್ತು" ಅಂದ.

ಅಷ್ಟರಲ್ಲಿ ಮಿಸ್ ಕಡೆಯಿಂದ ಮೆಸೇಜು: ಒಬ್ಬೊಬ್ಬರಿಗೆ ಒಂದೊಂದೇ ಮೇಜು, ಅದರ ಮೇಲೆ ಹಿಡಿಸುವಂತೆ ತರಬೇಕು. ಮಗ ಮತ್ತೆ ಲೆಕ್ಕಕ್ಕೆ ಕೂತ. ಒಂದೂವರೆ ಮೀಟರಿನ ಮೇಜಿನಲ್ಲಿ ನೆಪ್ಚೂನ್ ಆ ತುದಿಗೆ ಬರಬೇಕೆಂದರೆ ಸೂರ್ಯ ಅರ್ಧ ಮಿಲಿಮೀಟರಿಗೂ ಕಮ್ಮಿ, ಅಂದರೆ ಒಂದು ಸಣ್ಣ ರವೆ ಕಾಳು. ಭೂಮಿ ಅದರಿಂದ ಐದು ಸೆಂಟಿಮೀಟರ್ ದೂರದಲ್ಲಿ, ಗಾತ್ರ ಮಿಲಿಮೀಟರಿನ ಸಾವಿರ ಪಾಲಿನಲ್ಲಿ ನಾಲ್ಕು ಪಾಲು. ಭೂತಕನ್ನಡಿಗೂ ಸಿಗದು.

ಸೋಮವಾರ ಅವನು ಕರಿ ಚಾರ್ಟ್ ಪೇಪರಿನ ಒಂದು ತುದಿಗೆ ರವೆ ಕಾಳು ಅಂಟಿಸಿ, ಉಳಿದದ್ದನ್ನೆಲ್ಲ ಖಾಲಿ ಬಿಟ್ಟು, ಸುರುಳಿ ಸುತ್ತಿಕೊಂಡು ಹೊರಟ. ರೆಡಿಮೇಡ್ ಸೆಟ್ ತಂದುಕೊಡುತ್ತೇನೆ ಅಂದ ಅಪ್ಪನ ಕಡೆ ತಿರುಗಿಯೂ ನೋಡಲಿಲ್ಲ.

ಸಂಜೆ ಬಂದವನನ್ನು ಅತ್ತೆಯೇ ಮೊದಲು ಹಿಡಿದರು. "ಏನಂದರೋ ನಿಮ್ಮ ಮಿಸ್ಸು?"

"ಗ್ರಹ ಎಲ್ಲಿ ಅಂತ ಕೇಳಿದರು. ಎಲ್ಲ ಇವೆ ಮಿಸ್, ಕಾಣಲ್ಲ ಅಷ್ಟೇ ಅಂದೆ."

"ಮಾರ್ಕ್ಸು?"

"ಅದೂ ಕೊಟ್ಟಿದ್ದಾರಂತೆ ಅಜ್ಜಿ. ಕಾಣಲ್ಲ ಅಷ್ಟೇ ಅಂದರು."