ಬೆರ್ಚಪ್ಪನ ಕೊರಳಿಗೊಂದು ಬೋರ್ಡು

ಏಪ್ರಿಲ್ 1 ಬಂತೆಂದರೆ ಸರ್ಕಾರಕ್ಕೆ ಕೂಲಿಯವರ ನೆನಪಾಗುತ್ತದೆ. ಕನಿಷ್ಠ ಕೂಲಿಗೆ ತುಟ್ಟಿಭತ್ಯೆ ಸೇರಿಸಬೇಕಲ್ಲ! ಬೆಲೆ ಏರಿಕೆ ಅಳೆಯುವ ಸೂಚ್ಯಂಕದ ಒಂದೊಂದು ಅಂಶಕ್ಕೆ ಇಷ್ಟಿಷ್ಟು ಪೈಸೆ ಅಂತ ಹಾಳೆ ತುಂಬಾ ಲೆಕ್ಕ. ಪೈಸೆಯನ್ನು ಇನ್ನೂ ಜೋಪಾನವಾಗಿ ಇಟ್ಟುಕೊಂಡಿರುವುದು ಪೆಟ್ರೋಲ್ ಬಂಕು ಮತ್ತು ಕಾರ್ಮಿಕ ಇಲಾಖೆ, ಇವೆರಡೇ.

ಕೇಂದ್ರದ್ದು ಇನ್ನೂ ದೊಡ್ಡ ಮನಸ್ಸು. 2019ರಲ್ಲಿ ದೇಶದ ತಳಮಟ್ಟದ ದಿನಗೂಲಿಯನ್ನು 176 ರೂಪಾಯಿಯಿಂದ 178ಕ್ಕೆ ಏರಿಸಿತು. ಇಷ್ಟೊಂದು ದುಡ್ಡು ಎಲ್ಲಿಡೋದು ಅಂತ ದಾವಣಗೆರೆ ಜಿಲ್ಲೆಯ ಜಗಳೂರು ಕಡೆ ಎಷ್ಟು ಮನೆಯಲ್ಲಿ ಗಂಡ ಹೆಂಡತಿ ಕಿತ್ತಾಡಿದರೋ!

ಕೃಷಿ ಕಾರ್ಮಿಕರ ಬೆಲೆ ಸೂಚ್ಯಂಕದ ಕಥೆಯಂತೂ ಕೇಳಲೇಬೇಡಿ. 2025ರವರೆಗೂ ಅದಕ್ಕೆ ಆಧಾರ ವರ್ಷ, ಅಂದರೆ ಬೆಲೆಗಳನ್ನು ಹೋಲಿಸಿ ನೋಡುವ ವರ್ಷ, 1986-87. ಯಾವುದಕ್ಕೆ ಎಷ್ಟು ಖರ್ಚು ಅನ್ನುವ ಪಟ್ಟಿ 1983ರ ಸಮೀಕ್ಷೆಯದ್ದು. ಕಪಿಲ್ ದೇವ್ ಕಪ್ ಎತ್ತಿದ ವರ್ಷ! ದಾವಣಗೆರೆ ಆಗಿನ್ನೂ ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ಜೆ.ಎಚ್. ಪಟೇಲರು ಬೇರೆ ಜಿಲ್ಲೆ ಮಾಡಿದ್ದು 1997ರಲ್ಲಿ. ಆಮೇಲೆ ಗಾಜಿನ ಮನೆ ಬಂತು, ಸ್ಮಾರ್ಟ್ ಸಿಟಿ ಬಂತು. ಕೂಲಿಯವಳ ಖರ್ಚಿನ ಪಟ್ಟಿ ಮಾತ್ರ ಅಲ್ಲೇ ಕೂತಿತ್ತು. ಮೊಬೈಲ್ ರೀಚಾರ್ಜಾ? ಅದಿನ್ನೂ ಹುಟ್ಟೇ ಇರಲಿಲ್ಲ ಸ್ವಾಮಿ.

ಕೂಲಿ ದರವನ್ನು ಕೆಲಸದ ಜಾಗದಲ್ಲಿ ಬೋರ್ಡು ಬರೆದು ಹಾಕಬೇಕಂತೆ. ಮೆಕ್ಕೆಜೋಳದ ಹೊಲದಲ್ಲಿ ಎಲ್ಲಿ ಹಾಕೋದು? ಬೆರ್ಚಪ್ಪನ ಕೊರಳಿಗೇ ನೇತುಹಾಕಬೇಕು. ದಿನಪೂರ್ತಿ ಸ್ಥಳದಲ್ಲಿರುವ ಅಧಿಕಾರಿ ಅವನೊಬ್ಬನೇ. ಇಸ್ತ್ರಿ ಇಲ್ಲದಿದ್ದರೂ ಅಂಗಿ ತೊಟ್ಟಿರುತ್ತಾನೆ. ಎರಡೂ ಕೈ ಚಾಚಿರುತ್ತಾನೆ. ಕೆಲಸ ಏನೂ ಮಾಡಲ್ಲ.

ಬೋರ್ಡಿನ ಕೂಲಿ ಕೊಡಲ್ಲ ಅಂತ ರೈತನಿಗೆ ಬೈಯೋಣವಾ? ಮೆಕ್ಕೆಜೋಳಕ್ಕೆ ಕ್ವಿಂಟಲ್‌ಗೆ 2,400 ರೂಪಾಯಿ ಬೆಂಬಲ ಬೆಲೆ ಅಂತ ಸಾರಿದ ವರ್ಷವೇ ಅವನು ಅದಕ್ಕಿಂತ ಎಷ್ಟೋ ಕಮ್ಮಿಗೆ ಮಾರಿ ಬಂದ. ಅವನಿಗೇ ಸಿಗದ ದರದಲ್ಲಿ ಆಳಿಗೆ ಎಲ್ಲಿಂದ ಕೊಡುತ್ತಾನೆ?

ಆದರೆ ಒಂದು ಮಾತು ನನಗೆ ಈಗಲೂ ನುಂಗಲಾಗುತ್ತಿಲ್ಲ. ಗಂಡಾಳಿಗೆ ಒಂದು ಕೂಲಿ, ಹೆಣ್ಣಾಳಿಗೆ ಅದಕ್ಕಿಂತ ಕಮ್ಮಿ. ಸಮಾನ ವೇತನದ ಕಾಯ್ದೆ ಬಂದದ್ದು 1976ರಲ್ಲಿ. ಬೆಳಗಿನಿಂದ ಸಂಜೆವರೆಗೆ ಬಗ್ಗಿ ಕಳೆ ತೆಗೆದವಳ ಸೊಂಟಕ್ಕೆ ರಿಯಾಯಿತಿ ದರ ಯಾಕೆ? ಕೇಳಿದರೆ "ಹೆಣ್ಣಾಳಲ್ವಾ" ಅನ್ನುತ್ತಾರೆ. ಮುಗೀತು. ನಾಚಿಕೆಯೂ ಇಲ್ಲ, ಉತ್ತರವೂ ಇಲ್ಲ.

ಬೆಳಗ್ಗೆ ಬುತ್ತಿ ಗಂಟು ತೊಡೆ ಮೇಲಿಟ್ಟುಕೊಂಡು, ಕಾಲಿಡಲು ಜಾಗವಿಲ್ಲದ ಲಗೇಜ್ ಆಟೋದಲ್ಲಿ ಆ ಹೆಂಗಸರು ಹೊಲಕ್ಕೆ ಹೋಗುತ್ತಾರೆ. ಆಟೋ ನಿಲ್ಲಿಸಿ "ನಿನ್ನೆ ಎಷ್ಟು ಕೊಟ್ಟರಮ್ಮ?" ಅಂತ ಕೇಳಿದ ಅಧಿಕಾರಿಯನ್ನು ನಾನಂತೂ ಕಂಡಿಲ್ಲ. ನಿಲ್ಲಿಸುವವರು ಪೊಲೀಸರು, ಅದೂ ದಂಡ ಹಾಕೋಕೆ.