ಕಿಟಕಿ ಬದಿಯ ಕ್ರೀಡಾಪಟುಗಳು

ಮಾತು ಕಡಿಮೆ ಇರುವವರಿಗೂ ಒಲಿಂಪಿಕ್ಸ್‌ನಲ್ಲಿ ಗೆಲ್ಲುವವರಿಗೂ ಇರುವ ಗುಣಗಳು ಒಂದೇ ಅಂತೆ. ಏಕಾಗ್ರತೆ, ಒಂಟಿಯಾಗಿ ಗಂಟೆಗಟ್ಟಲೆ ಅಭ್ಯಾಸ, ತನ್ನ ತಪ್ಪನ್ನು ತಾನೇ ಕೆದಕುವ ಚಾಳಿ ಇತ್ಯಾದಿ. ವಾಟ್ಸ್‌ಆ್ಯಪ್‌ನಲ್ಲಿ ನಿಮಗೂ ಬಂದಿರುತ್ತದೆ, ಕನಿಷ್ಠ ನಾಲ್ಕು ಗುಂಪುಗಳಿಂದ. ನನಗೆ ಅಷ್ಟು ಸಾಲದೆಂದು ನಮ್ಮ ಕಚೇರಿಯವರು ಮಂಗಳೂರಿನ ಹೋಟೆಲೊಂದರ ಸಭಾಂಗಣಕ್ಕೆ ಕರೆದೊಯ್ದು, ಎರಡು ದೊಡ್ಡ ಸ್ಪೀಕರ್ ಇಟ್ಟು, ತರಬೇತುದಾರರೊಬ್ಬರ ಬಾಯಿಂದಲೇ ಹೇಳಿಸಿದರು. ಮೌನದ ಮಹಿಮೆಯನ್ನು ಅವರು ಮೂರು ಗಂಟೆ ಉಸಿರು ಬಿಡದೆ ಕೊಂಡಾಡಿದರು. ನಡುವೆ ಒಂದು ಅಪ್ಪಣೆ: ಅಂತರ್ಮುಖಿಗಳೆಲ್ಲ ಎದ್ದು ನಿಂತು, ಕೈ ಮೇಲೆತ್ತಿ, ‘ನಾನು ಚಾಂಪಿಯನ್’ ಎಂದು ಕೂಗಬೇಕು.

ಕೂಗಿದೆ. ಆ ಹೊತ್ತಿಗೆ ಶೌಚಾಲಯದಲ್ಲಿದ್ದವರು ಮಾತ್ರ ಬಚಾವಾದರು.

ಯೋಚಿಸಿದರೆ ಮಾತು ಪೂರ್ತಿ ಸುಳ್ಳೂ ಅಲ್ಲ. ಪರಿಚಯದವರೊಬ್ಬರು ಐವತ್ತು ಮೀಟರ್ ದೂರದಲ್ಲಿ ಕಂಡ ಕೂಡಲೇ ನಾನು ಹಂಪನಕಟ್ಟೆಯಲ್ಲಿ ರಸ್ತೆ ದಾಟಿ ಆ ಬದಿಗೆ ಹೋಗಿಬಿಡುತ್ತೇನೆ. ಹಂಪನಕಟ್ಟೆಯಲ್ಲಿ ಸಿಟಿ ಬಸ್ಸುಗಳ ನಡುವೆ ರಸ್ತೆ ದಾಟಿದವರಿಗೆ ಅದರ ಹಿಂದಿನ ಸಾಧನೆ ಎಂಥದ್ದೆಂದು ತಿಳಿದೀತು. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಸುರತ್ಕಲ್‌ವರೆಗೆ ಕಿಟಕಿ ಬದಿಯ ಸೀಟು ಹಿಡಿದು, ಪಕ್ಕದವರು ‘ನಿಮ್ಮದು ಎಲ್ಲಿ ಆಯಿತು?’ ಎಂದು ಕೇಳುವ ಮೊದಲೇ ನಿದ್ದೆ ನಟಿಸುವುದು ಇನ್ನೊಂದು ವಿಭಾಗ. ಮದುವೆ ಊಟದಲ್ಲಿ ಎದುರಿನ ಸಾಲಿನಿಂದ ದೂರದ ನೆಂಟರೊಬ್ಬರು ‘ಈಗ ಎಲ್ಲಿ ಕೆಲಸ?’ ಎನ್ನಲು ಬಾಯಿ ತೆರೆದಾಗ ಪಾಯಸ ಬಿಟ್ಟು ಎದ್ದವನು ನಾನು. ಅದೂ ಹೆಸರುಬೇಳೆ ಪಾಯಸ. ಇಂಥ ತ್ಯಾಗ ಯಾವ ಮ್ಯಾರಥಾನ್ ಓಟಗಾರ ಮಾಡಿದ್ದಾನೆ?

ಮನೋವಿಜ್ಞಾನಿ ಕಾರ್ಲ್ ಯೂಂಗ್ 1921ರಲ್ಲಿ ಅಂತರ್ಮುಖಿ, ಬಹಿರ್ಮುಖಿ ಎಂದು ವಿಂಗಡಿಸಿದಾಗ ಮನಸ್ಸಿನ ಹರಿವು ಒಳಗಡೆಗೋ ಹೊರಗಡೆಗೋ ಎಂದು ನೋಡಿದರೇ ಹೊರತು ಯಾರ ಕೊರಳಿಗೂ ಪದಕ ಹಾಕಲಿಲ್ಲ. ನಮ್ಮ ತರಬೇತುದಾರರು ಹಾಕಿದರು. ಬೀಜಿಂಗ್‌ನಲ್ಲಿ 2008ರಲ್ಲಿ ಚಿನ್ನಕ್ಕೆ ಗುರಿಯಿಟ್ಟು ಗೆದ್ದ ಶೂಟರ್ ಅಭಿನವ್ ಬಿಂದ್ರಾ ಅವರನ್ನು ತೋರಿಸಿದರು. ಹಾಗಾದರೆ 1960ರಲ್ಲಿ ರೋಮ್‌ನಲ್ಲಿ ಚಿನ್ನ ಗೆದ್ದ ಬಾಕ್ಸರ್ ಮುಹಮ್ಮದ್ ಅಲಿ ಬಾಯಿ ಮುಚ್ಚಿಕೊಂಡಿದ್ದರೇ? ಗೆದ್ದ ಮೇಲೆ ಆಕಾಶಕ್ಕೆ ಬಾಣ ಬಿಡುತ್ತಿದ್ದ ಓಟಗಾರ ಉಸೇನ್ ಬೋಲ್ಟ್ ಸಂಕೋಚದ ಮುದ್ದೆಯೇ? ಕೇಳಬೇಕೆಂದಿದ್ದೆ. ಕೇಳಲಿಲ್ಲ. ಅಂತರ್ಮುಖಿ ನೋಡಿ.

ಬೋಲ್ಟ್ ಎಂದಾಗ ನಮ್ಮ ಐಕಳ ಕಂಬಳ ನೆನಪಾಗದೆ ಇರುತ್ತದೆಯೇ? 2020ರ ಫೆಬ್ರುವರಿಯಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು, ಅಂದರೆ ಕೆಸರಿನ ಓಟದ ಹಾದಿಯನ್ನು, 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಭಾಗಾಕಾರ ಮಾಡಿ ನೂರು ಮೀಟರಿಗೆ 9.55 ಎಂದರು. ಬೋಲ್ಟ್ ದಾಖಲೆ 9.58. ಅಷ್ಟೇ ಸಾಕಾಯಿತು. ಕಂಬಳದ ಕೆಸರನ್ನೇ ಕಾಣದವರೆಲ್ಲ ಕೂಗತೊಡಗಿದರು, ಕೇಂದ್ರ ಸಚಿವರು ಪರೀಕ್ಷೆಗೆ ಬನ್ನಿ ಎಂದರು. ಗೌಡರು ಬರುವುದಿಲ್ಲ ಎಂದರು. ಕಂಬಳದಲ್ಲಿ ಓಡುವುದು ಹಿಮ್ಮಡಿಯೂರಿ, ಟ್ರ್ಯಾಕ್‌ನಲ್ಲಿ ಓಡುವುದು ಬೆರಳ ತುದಿಯಲ್ಲಿ. ಇಡೀ ಗಲಾಟೆಯಲ್ಲಿ ಕೆಲಸಕ್ಕೆ ಬರುವ ಮಾತು ಅದೊಂದೇ. ಅಂದ ಹಾಗೆ, ಆ ವೇಗದಲ್ಲಿ ದೊಡ್ಡ ಪಾಲು ಕೋಣಗಳದ್ದು. ಅವುಗಳನ್ನು ಯಾರೂ ಪರೀಕ್ಷೆಗೆ ಕರೆಯಲಿಲ್ಲ. ಅವು ಅಪ್ಪಟ ಅಂತರ್ಮುಖಿಗಳೆಂಬುದರಲ್ಲಿ ನನಗೆ ಸಂಶಯವಿಲ್ಲ.

ಕುಂದಾಪುರ ಕಡೆಯ ಗುರುರಾಜ ಪೂಜಾರಿಯವರು 2018ರ ಕಾಮನ್‌ವೆಲ್ತ್ ಕೂಟದಲ್ಲಿ ಒಟ್ಟು 249 ಕೆ.ಜಿ. ಎತ್ತಿ ಬೆಳ್ಳಿ ತಂದರು. ಎತ್ತುವವನು ಅಂತರ್ಮುಖಿಯೋ ಬಹಿರ್ಮುಖಿಯೋ ಎಂದು ಆ ಕಬ್ಬಿಣ ಕೇಳುವುದಿಲ್ಲ. ಬೆಳಗಿನ ಜಾವ ಎದ್ದು ಬೆವರು ಸುರಿಸಿದವರ ಪಕ್ಕದಲ್ಲಿ, ಫೋನ್ ರಿಂಗಾದರೆ ಕಟ್ ಆಗುವವರೆಗೆ ಕಾಯುವ ನನ್ನನ್ನು ಕೂರಿಸುವುದು ಅವರಿಗೆ ಮಾಡುವ ಅವಮಾನ.

ನನಗೂ ಅವಮಾನವೇ. ವರ್ಷದ ಕೊನೆಗೆ ನನ್ನ ಮೌಲ್ಯಮಾಪನದಲ್ಲಿ ‘ಸಂವಹನ ಸಾಲದು’ ಎಂದು ಬರೆದವರು ಇದೇ ಕಚೇರಿಯವರು. ಸಭೆಯಲ್ಲಿ ಗಟ್ಟಿಯಾಗಿ ಮಾತನಾಡಿದವನಿಗೆ ಬಡ್ತಿ ಕೊಟ್ಟು, ಅವನು ಮಾತನಾಡಿದ ಕೆಲಸವನ್ನು ಸಂಜೆ ಆರರ ಮೇಲೆ ನನ್ನ ಮೇಜಿಗೆ ತಂದು ಇಟ್ಟವರೂ ಇವರೇ. ಸುಮ್ಮನಿರುವವನು ಸುಮ್ಮನಿರಲು ಒಲಿಂಪಿಕ್ಸ್‌ನಿಂದ ಪ್ರಮಾಣಪತ್ರ ತರಬೇಕೇ? ಸಂಬಳ ಹೆಚ್ಚಿಸಿ ಎಂದರೆ ಹೋಲಿಕೆ ಕೊಡುತ್ತಾರೆ. ಹೋಲಿಕೆಯಿಂದ ಬಾಡಿಗೆ ಕಟ್ಟಲು ಆಗುವುದಿಲ್ಲ, ಮಾರಾಯರೇ.

ಪ್ರಮಾಣಪತ್ರವನ್ನಂತೂ ಕೊಟ್ಟರು, ಕೊನೆಯಲ್ಲಿ, ಚಾ ಮತ್ತು ಗೋಳಿಬಜೆಯ ಜೊತೆ. ‘ಉತ್ಸಾಹದಿಂದ ಭಾಗವಹಿಸಿದ್ದಾರೆ’ ಎಂದಿತ್ತು. ನನ್ನ ಹೆಸರು ತಪ್ಪಾಗಿತ್ತು. ಹೇಳಲು ಹೋಗಲಿಲ್ಲ. ಈಗ ಆ ಹೆಸರಿನವರು ಯಾರೋ ಚಾಂಪಿಯನ್.