ಒಳ್ಳೆಯ ಅಂಕ ಬಂದವರು ಕಲಾ ವಿಭಾಗಕ್ಕೆ ಹೋಗಬಾರದೇ?

ನಿನ್ನೆ ಶಿರಸಿಯಲ್ಲಿ ಹತ್ತಿರದವರ ಮದುವೆಯಿತ್ತು. ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕುಳಿತಿದ್ದ ಹುಡುಗಿ ದ್ವಿತೀಯ ಪಿಯುಸಿ ವಿಜ್ಞಾನ ಮುಗಿಸಿದವಳು, ಅಂಕ ಚೆನ್ನಾಗಿಯೇ ಬಂದಿದೆ. ‘ಅಕ್ಕಾ, ಮನಶ್ಶಾಸ್ತ್ರ ಇಟ್ಟುಕೊಂಡು ಬಿಎ ಮಾಡಲೋ, ನೇರವಾಗಿ ಬಿಎಸ್‌ಡಬ್ಲ್ಯು ಸೇರಲೋ?’ ಎಂದು ಕೇಳಿದಳು. ಬಿಎಸ್‌ಡಬ್ಲ್ಯು ಎಂದರೆ ಸಮಾಜಕಾರ್ಯದ ಪದವಿ. ನಾನು ಬಾಯಿ ತೆರೆಯುವಷ್ಟರಲ್ಲಿ ಎದುರು ಸಾಲಿನಿಂದ ಅವಳ ದೊಡ್ಡಪ್ಪ, ‘ಇಷ್ಟು ಅಂಕ ತೆಗೆದು ಆರ್ಟ್ಸಿಗೆ ಹೋಗುತ್ತೀಯೇನೇ ಕೂಸೇ? ಬಂದ ಅಂಕವೆಲ್ಲ ಹಾಳು’ ಎಂದರು. ಸಾಲಿನಲ್ಲಿದ್ದವರೆಲ್ಲ ತಲೆಯಾಡಿಸಿದರು. ‘ಬಿಕಾಂ ಆದರೂ ಮಾಡು’ ಎಂದರು ಒಬ್ಬರು. ಅಷ್ಟರಲ್ಲಿ ಹೋಳಿಗೆ ಬಂತು, ಮಾತು ಅಡಿಕೆಯ ದರಕ್ಕೆ ಹೊರಳಿತು. ಹುಡುಗಿ ಮತ್ತೆ ಏನನ್ನೂ ಕೇಳಲಿಲ್ಲ.

ಮದುವೆಮನೆಯಲ್ಲಿ ಜಗಳ ಬೇಡವೆಂದು ಸುಮ್ಮನಿದ್ದೆ. ರಾತ್ರಿ ಮನೆಗೆ ಬಂದ ಮೇಲೂ ಸಿಟ್ಟು ಇಳಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಉದ್ದವಾಗುತ್ತದೆ, ದಯವಿಟ್ಟು ಓದಿ.

ಅಂಕ ಹಾಳಾಗುತ್ತದೆ ಎನ್ನುವವರು ಒಂದು ಪ್ರಶ್ನೆಗೆ ಉತ್ತರಿಸಲಿ. ಒಬ್ಬ ಹುಡುಗಿ ಚೆನ್ನಾಗಿ ಓದುತ್ತಾಳೆ, ಓದಿದ್ದನ್ನು ನೆನಪಿಟ್ಟುಕೊಳ್ಳುತ್ತಾಳೆ, ಯೋಚಿಸಿ ಬರೆಯುತ್ತಾಳೆ ಎಂಬುದನ್ನಲ್ಲವೇ ಆ ಅಂಕಗಳು ಹೇಳುವುದು? ಅಂಥ ತಲೆ ಮನುಷ್ಯರ ಮನಸ್ಸನ್ನೋ ಸಮಾಜವನ್ನೋ ಚರಿತ್ರೆಯನ್ನೋ ಓದಲು ಹೊರಟರೆ ಹಾಳಾಗುವುದು ಏನು? ನಮ್ಮಲ್ಲಿ ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ದಿನವೇ ಮನೆಮನೆಯಲ್ಲಿ ತೀರ್ಪು ಸಿದ್ಧವಾಗಿರುತ್ತದೆ. ಮೇಲಿನ ಅಂಕದವರಿಗೆ ವಿಜ್ಞಾನ, ನಡುವಿನವರಿಗೆ ವಾಣಿಜ್ಯ, ಉಳಿದವರಿಗೆ ಕಲೆ. ಮಗುವಿಗೆ ಯಾವುದರಲ್ಲಿ ಆಸಕ್ತಿ ಎಂದು ಕೇಳುವವರಿಲ್ಲ. ಆಸೆಯಿಂದ ಬರುವವರನ್ನು ಬಾಗಿಲಲ್ಲೇ ತಡೆಯುತ್ತೇವೆ, ಆಸೆಯಿಲ್ಲದವರನ್ನು ಒಳಗೆ ತಳ್ಳುತ್ತೇವೆ, ನಾಲ್ಕು ವರ್ಷ ಕಳೆದ ಮೇಲೆ ‘ಆರ್ಟ್ಸ್ ಓದಿದವರು ಏನು ಸಾಧಿಸಿದರು’ ಎಂದು ಕೇಳುತ್ತೇವೆ. ಒಳಗೆ ತಳ್ಳಲ್ಪಟ್ಟ ಮಗುವಿನ ಗತಿಯನ್ನೂ ಯೋಚಿಸಿ. ತರಗತಿಗೆ ಕಾಲಿಡುವ ಮೊದಲೇ ಅದಕ್ಕೆ ‘ನೀನು ಸೋತವನು’ ಎಂದು ಹೇಳಿಯಾಗಿರುತ್ತದೆ.

ನಾನು ಏನು ಓದಿದೆ, ಏನು ಕೆಲಸ ಮಾಡಿಕೊಂಡಿದ್ದೇನೆ ಎಂಬುದು ಇಲ್ಲಿರುವ ಹೆಚ್ಚಿನವರಿಗೆ ಗೊತ್ತು. ಗೊತ್ತಿಲ್ಲದ ಒಂದನ್ನು ಹೇಳುತ್ತೇನೆ. ನಾನು ಬಿಎ ಸೇರಿದ ಮೇಲೆ ಅಪ್ಪ ಯಾರ ಮುಂದೆಯೂ ಆ ಹೆಸರನ್ನು ಎತ್ತಲಿಲ್ಲ. ‘ಮಗಳು ಏನು ಓದುತ್ತಿದ್ದಾಳೆ’ ಎಂದು ಯಾರಾದರೂ ಕೇಳಿದರೆ ‘ಡಿಗ್ರಿ’ ಎಂದು ಹೇಳಿ ಮಾತು ಬದಲಿಸುತ್ತಿದ್ದರು. ಸಂಘದಲ್ಲಿ, ದೇವಸ್ಥಾನದಲ್ಲಿ, ನೆಂಟರ ಮನೆಯಲ್ಲಿ ಎಲ್ಲ ಕಡೆ ಹಾಗೆಯೇ. ಅವರು ಕೆಟ್ಟವರಾಗಿರಲಿಲ್ಲ. ಶುಲ್ಕ ಕಟ್ಟಿದರು, ಪುಸ್ತಕ ಕೊಡಿಸಿದರು, ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಎಂಎಸ್‌ಡಬ್ಲ್ಯುಗೆ ಧಾರವಾಡಕ್ಕೆ ಹೋಗುವಾಗ ಬಸ್ ಹತ್ತಿಸಲು ಬಂದರು. ಆದರೂ ಆ ‘ಡಿಗ್ರಿ’ ಎಂಬ ಉತ್ತರ ಇವತ್ತಿಗೂ ನನ್ನೊಳಗೆ ನೋಯುತ್ತದೆ. ನಿನ್ನೆ ಆ ಹುಡುಗಿ ಮಾತು ನಿಲ್ಲಿಸಿದಾಗ ಅದೇ ನೋವು ಮತ್ತೆ ಎದ್ದಿತು.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇದ್ದುಕೊಂಡು ಈ ಓದು ಉಪಯೋಗಕ್ಕಿಲ್ಲ ಎನ್ನುವುದೇ ನನಗೆ ಅರ್ಥವಾಗದ ಸಂಗತಿ.

2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟು ಸಮುದ್ರದಲ್ಲಿ ಕಾಣೆಯಾದ ಸುವರ್ಣ ತ್ರಿಭುಜ ದೋಣಿಯನ್ನು ನೆನಪಿಸಿಕೊಳ್ಳಿ. ಅದರಲ್ಲಿದ್ದ ಏಳು ಮೀನುಗಾರರಲ್ಲಿ ಐವರು ನಮ್ಮ ಜಿಲ್ಲೆಯವರು. ದೋಣಿಯ ಅವಶೇಷ ಮಹಾರಾಷ್ಟ್ರದ ಮಾಲ್ವಣದ ಬಳಿ ಸಮುದ್ರದ ತಳದಲ್ಲಿ ಪತ್ತೆಯಾದದ್ದು 2019ರ ಮೇ ತಿಂಗಳಲ್ಲಿ. ಆ ಐದು ತಿಂಗಳು ಕುಮಟಾ, ಹೊನ್ನಾವರ, ಭಟ್ಕಳದ ಆ ಮನೆಗಳಲ್ಲಿ ಏನು ನಡೆದಿರಬಹುದು? ಗಂಡ ಇದ್ದಾನೋ ಇಲ್ಲವೋ ಗೊತ್ತಿಲ್ಲದ ಹೆಂಡತಿ ಕುಂಕುಮ ಇಡಬೇಕೇ, ಅಳಿಸಬೇಕೇ? ಅಪ್ಪ ಯಾವಾಗ ಬರುತ್ತಾನೆ ಎಂದು ಕೇಳುವ ಮಗುವಿಗೆ ಏನು ಹೇಳಬೇಕು? ಕಾಣೆಯಾದವರ ಸುದ್ದಿ ಏಳು ವರ್ಷ ಬರದಿದ್ದರೆ ಸತ್ತಿದ್ದಾರೆಂದು ಭಾವಿಸಬಹುದು ಎನ್ನುವುದು ಕಾನೂನಿನ ಸಾಮಾನ್ಯ ನಿಯಮ. ಆ ನಡುವೆ ಬ್ಯಾಂಕ್ ಖಾತೆ, ಸಾಲ, ಪಡಿತರ ಚೀಟಿ, ಪಿಂಚಣಿ ಎಲ್ಲದರಲ್ಲೂ ತೊಡಕು ಬರಬಹುದು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಜಾರಿದಾಗಲೂ ಇದೇ ಆಯಿತು. ಮಣ್ಣಿನ ಜೊತೆ ಚಾಲಕನ ಸಮೇತ ಕೊಚ್ಚಿಹೋಗಿದ್ದ ಲಾರಿ ಗಂಗಾವಳಿ ನದಿಯ ತಳದಿಂದ ಮೇಲೆ ಬಂದದ್ದು ಸೆಪ್ಟೆಂಬರ್ ಕೊನೆಯಲ್ಲಿ. ಅಲ್ಲಿಯವರೆಗೆ ಮನೆಯವರು ಕಾದರು. ಟಿವಿ ಕ್ಯಾಮೆರಾಗಳಿದ್ದವು, ಮಂತ್ರಿಗಳು ಬಂದರು, ಮುಳುಗುತಜ್ಞರು ಬಂದರು. ಎಲ್ಲರೂ ಬೇಕಾದವರೇ.

ಶವ ಸಿಗದ ಸಾವಿನ ದುಃಖ ಬೇರೆಯೇ ಬಗೆಯದು. ಮನಶ್ಶಾಸ್ತ್ರದಲ್ಲಿ ಅದನ್ನು ಪ್ರತ್ಯೇಕವಾಗಿ ಅಧ್ಯಯನ ಮಾಡಿದ್ದಾರೆ. ಆ ಮನೆಯ ಜಗಲಿಯಲ್ಲಿ ಕುಳಿತು ‘ಧೈರ್ಯ ತಂದುಕೋ ತಾಯಿ’ ಎನ್ನಲು ಊರಿನವರೆಲ್ಲ ಇದ್ದಾರೆ. ‘ಇನ್ನು ಅವನು ಬರುವುದಿಲ್ಲ, ಒಪ್ಪಿಕೋ’ ಎಂದು ಒತ್ತಾಯಿಸುವವರೂ ಇದ್ದಾರೆ. ಒತ್ತಾಯಿಸದೆ, ಸುಳ್ಳು ಆಸೆಯನ್ನೂ ಕೊಡದೆ, ಅವಳ ಮಾತನ್ನು ಕೇಳಿ, ಮಕ್ಕಳ ಶಾಲೆ ತಪ್ಪದಂತೆ ನೋಡಿ, ಯಾವ ಕಚೇರಿಯಲ್ಲಿ ಯಾವ ಅರ್ಜಿ ಕೊಡಬೇಕೆಂದು ಜೊತೆಗೆ ಹೋಗಿ ತೋರಿಸುವುದು ಕಲಿತು ಮಾಡಬೇಕಾದ ಕೆಲಸ. ಅದನ್ನು ಕಲಿಸುವುದು ಸಮಾಜಕಾರ್ಯದ ತರಗತಿಯಲ್ಲಿ, ಮನಶ್ಶಾಸ್ತ್ರದ ತರಗತಿಯಲ್ಲಿ, ಊರೂರು ಅಲೆಸುವ ಕ್ಷೇತ್ರಕಾರ್ಯದಲ್ಲಿ. ಇದನ್ನು ಮೊದಲ ಶ್ರೇಣಿಯ ಬುದ್ಧಿಯವರು ಕಲಿಯಬಾರದು, ಅವರ ಅಂಕ ಹಾಳಾಗುತ್ತದೆ ಎನ್ನುತ್ತೀರಾ? ನಿಮ್ಮ ಮನೆಗೇ ಇಂಥ ಕಷ್ಟ ಬಂದರೆ ಎಂಥವರು ಬರಬೇಕೆಂದು ಬಯಸುತ್ತೀರಿ?

ನಮ್ಮ ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಇದೇ ಫೇಸ್‌ಬುಕ್‌ನಲ್ಲಿ ನಾವೆಲ್ಲ ಕೂಗಿದ್ದೇವೆ. ಸರಿಯಾಗಿಯೇ ಕೂಗಿದ್ದೇವೆ. ಆದರೆ ಆಸ್ಪತ್ರೆ ಎಂದರೆ ವೈದ್ಯರು ಮತ್ತು ಯಂತ್ರಗಳು ಮಾತ್ರವೇ? ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಮನೋವೈದ್ಯರ ಜೊತೆಗೆ ಮನಶ್ಶಾಸ್ತ್ರಜ್ಞರೂ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರೂ ಇರಬೇಕೆಂದು ಸರ್ಕಾರವೇ ಹೇಳುತ್ತದೆ. 2021ರಲ್ಲಿ ಬಂದ ಸಹಾಯಕ ಆರೋಗ್ಯ ವೃತ್ತಿಗಳ ಕಾಯ್ದೆ ವೈದ್ಯಕೀಯ ಸಮಾಜ ಕಾರ್ಯಕರ್ತರನ್ನು, ಆಪ್ತಸಮಾಲೋಚಕರನ್ನು ತನ್ನ ಪಟ್ಟಿಯಲ್ಲಿ ಸೇರಿಸಿಕೊಂಡಿದೆ. ಕಾನೂನಿಗೆ ಅರ್ಥವಾದದ್ದು ನಮ್ಮ ಊಟದ ಪಂಕ್ತಿಗೆ ಇನ್ನೂ ಅರ್ಥವಾಗಿಲ್ಲ.

ಇನ್ನು ಚರಿತ್ರೆಯ ವಿಷಯ. ‘ಸತ್ತ ರಾಜರ ಕಥೆ ಓದಿ ಏನು ಮಾಡುತ್ತೀರಿ’ ಎನ್ನುವವರ ಮನೆಯಲ್ಲೇ ಅರಣ್ಯ ಹಕ್ಕಿನ ಅರ್ಜಿ ತಿರಸ್ಕೃತವಾಗಿ ಬಿದ್ದಿರುತ್ತದೆ. ಅರಣ್ಯ ಹಕ್ಕು ಕಾಯ್ದೆಯಂತೆ ಬುಡಕಟ್ಟಿನವರಲ್ಲದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಆ ಕಾಡಿನಲ್ಲಿ ನೆಲೆಸಿದ್ದರೆಂದು ತೋರಿಸಬೇಕು. ಲೆಕ್ಕ ಹಾಕಿದರೆ 1930ಕ್ಕೆ ಹೋಗುತ್ತದೆ. ಆಗ ನಾವು ಮುಂಬಯಿ ಪ್ರಾಂತ್ಯದಲ್ಲಿದ್ದೆವು. ಯಾವ ದಾಖಲೆ ಎಲ್ಲಿದೆ, ಯಾವ ಭಾಷೆಯಲ್ಲಿದೆ, ಹಿಂದೆ ಮರಾಠಿ ಬರೆಯುತ್ತಿದ್ದ ಮೋಡಿ ಲಿಪಿಯಲ್ಲಿ ಇದ್ದರೆ ಯಾರು ಓದುತ್ತಾರೆ? ಆ ಕಾಯ್ದೆಯ 2008ರ ನಿಯಮಗಳು ಗೆಜೆಟಿಯರ್, ಜನಗಣತಿ, ಸರ್ವೆ ಮತ್ತು ಸೆಟ್ಲ್‌ಮೆಂಟ್ ವರದಿಗಳನ್ನು ಸಾಕ್ಷ್ಯವೆಂದು ಒಪ್ಪುತ್ತವೆ. ಊರಿನ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದನ್ನೂ, ಹೆಸರಾಂತ ಸಂಸ್ಥೆಗಳ ಸಂಶೋಧನಾ ಅಧ್ಯಯನಗಳನ್ನೂ ಒಪ್ಪುತ್ತವೆ. ಇವೆಲ್ಲ ಚರಿತ್ರೆ, ಮಾನವಶಾಸ್ತ್ರ, ಜಾನಪದ ಓದಿದವರ ಕೈಯ ಕೆಲಸಗಳು. ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಹಾಲಕ್ಕಿ ಒಕ್ಕಲಿಗರೂ ಕುಣಬಿಗಳೂ ಅದೇ ಬೇಡಿಕೆಯೊಂದಿಗೆ ಕಾಯುತ್ತಿದ್ದಾರೆ. ಅಂಥ ಬೇಡಿಕೆ ಒಂದು ಹೆಜ್ಜೆ ಮುಂದೆ ಹೋಗಬೇಕಾದರೂ ಸಮುದಾಯದ ಮೂಲ, ಬದುಕು, ಆಚರಣೆಗಳನ್ನು ದಾಖಲಿಸುವ ಕುಲಶಾಸ್ತ್ರೀಯ ಅಧ್ಯಯನ ಬೇಕು. ಅದನ್ನು ಸಾಫ್ಟ್‌ವೇರ್ ಎಂಜಿನಿಯರು ಬರೆದು ಕೊಡುವುದಿಲ್ಲ.

ಹಾಲಕ್ಕಿಗಳ ಹಾಡುಗಳ ಕಣಜವಾಗಿದ್ದ ಬಡಿಗೇರಿಯ ಸುಕ್ರಿ ಬೊಮ್ಮಗೌಡರು 2025ರಲ್ಲಿ ತೀರಿಕೊಂಡರು. ಎಲ್ಲರೂ ಅವರ ಫೋಟೋ ಹಾಕಿದೆವು. ಆ ಹಾಡುಗಳನ್ನು ಶಾಸ್ತ್ರೀಯವಾಗಿ ಸಂಗ್ರಹಿಸಿ ಅರ್ಥೈಸಲು ನಿಮ್ಮ ಮಗಳು ಹೊರಟರೆ ಬಿಡುತ್ತೀರಾ? ಜಾನಪದಕ್ಕೆಂದೇ ಒಂದು ವಿಶ್ವವಿದ್ಯಾಲಯ ಪಕ್ಕದ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿದೆ, ಶಿಗ್ಗಾವಿಯ ಹತ್ತಿರ. ಮುಂಡಗೋಡಿನ ಟಿಬೆಟನ್ ಮಠಗಳಲ್ಲಿ ಭಿಕ್ಷುಗಳು ತತ್ವಶಾಸ್ತ್ರ ಓದಲು ಇಪ್ಪತ್ತು ವರ್ಷದಷ್ಟು ಕಾಲ ಕೊಡುತ್ತಾರೆ. ಅದನ್ನು ನೋಡಲು ನೆಂಟರನ್ನು ಕಾರಿನಲ್ಲಿ ಕರೆದುಕೊಂಡು ಹೋಗುತ್ತೇವೆ. ತಾಳಮದ್ದಳೆಯಲ್ಲಿ ಕರ್ಣನ ಮನಸ್ಸನ್ನು ಎಳೆ ಎಳೆಯಾಗಿ ಬಿಡಿಸುವುದನ್ನು ರಾತ್ರಿಯಿಡೀ ಕೂತು ಕೇಳುವ ಜನ ನಾವು. ಬೆಳಗಾದರೆ ಮಗನಿಗೆ ‘ಸಾಹಿತ್ಯ ಓದಿ ಹೊಟ್ಟೆ ತುಂಬುತ್ತದೆಯೇ’ ಎನ್ನುತ್ತೇವೆ.

ಹೊಟ್ಟೆಯ ಮಾತು ಬಂತಲ್ಲ, ಅದನ್ನೂ ಹೇಳುತ್ತೇನೆ. ಈ ಬರಹದ ಕೆಳಗೆ ‘ಕೆಲಸ ಎಲ್ಲಿದೆ’ ಎಂದು ಯಾರಾದರೂ ಬರೆದೇ ಬರೆಯುತ್ತಾರೆ. ಅಡಿಕೆಗೆ ಕೊಳೆರೋಗ ಬಂದ ವರ್ಷ ಎರಡು ಎಕರೆ ತೋಟದ ಮನೆಯಲ್ಲಿ ಆ ಭಯ ಹೇಗಿರುತ್ತದೆ ಎಂದು ನನಗೆ ಗೊತ್ತು, ನಾನೂ ಅಂಥ ಮನೆಯವಳೇ. ಸಂಬಳ ಕಡಿಮೆ ಎನ್ನುವುದೂ ನಿಜ. ಆಪ್ತಸಮಾಲೋಚಕರ ಹುದ್ದೆಗಳಲ್ಲಿ ಬಹಳಷ್ಟು ಗುತ್ತಿಗೆಯವು, ವರ್ಷ ವರ್ಷ ನವೀಕರಣಕ್ಕೆ ಕಾಯಬೇಕು. ಆದರೆ ಈ ಭಯ ಎಂಜಿನಿಯರಿಂಗ್ ಸೀಟಿಗೆ ಸಾಲ ಮಾಡುವಾಗ ಎಲ್ಲಿ ಹೋಗುತ್ತದೆ? ಇಷ್ಟವಿಲ್ಲದೆ ಸೇರಿ, ಪಾಸಾಗದ ವಿಷಯಗಳು ಉಳಿದು, ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿ ಕುಳಿತ ಮಕ್ಕಳು ನಮ್ಮ ಎಲ್ಲರ ನೆಂಟರಲ್ಲೂ ಇದ್ದಾರೆ. ಅವರ ಬಗ್ಗೆ ಪಂಕ್ತಿಯಲ್ಲಿ ಯಾರೂ ಮಾತನಾಡುವುದಿಲ್ಲ. ಅಷ್ಟೂ ಮಕ್ಕಳು ಹೊರಟುಹೋದ ಮೇಲೆ ಹಿಂದೆ ಉಳಿದ ವಯಸ್ಸಾದ ಅಪ್ಪ ಅಮ್ಮಂದಿರನ್ನು ನೋಡಿಕೊಳ್ಳುವ ವ್ಯವಸ್ಥೆ ಕಟ್ಟಲು ಯಾರು ಬೇಕು? ಸಂಬಳ ಕಡಿಮೆಯಾದರೆ ಹೆಚ್ಚಿಸಿ ಎಂದು ಕೇಳಬೇಕು. ಆಸ್ಪತ್ರೆಗೆ ಕೂಗಿದ ಹಾಗೆ ಇದಕ್ಕೂ ಕೂಗಬೇಕು. ಓದಲು ಬಂದ ಹುಡುಗಿಯ ಬಾಯಿ ಮುಚ್ಚಿಸುವುದು ಪರಿಹಾರವಲ್ಲ.

ನನ್ನ ಸಿಟ್ಟಿಗೆ ಇನ್ನೊಂದು ಕಾರಣವೂ ಇದೆ. ‘ಆರ್ಟ್ಸ್’ ಎಂದು ಎಲ್ಲವನ್ನೂ ಒಂದೇ ಗಂಟು ಕಟ್ಟಿ ಮೂಲೆಗೆ ಎಸೆಯುವುದರಿಂದ, ಅದರೊಳಗೆ ಯಾವುದನ್ನು ಆರಿಸಬೇಕೆಂದು ಮಕ್ಕಳಿಗೆ ಹೇಳುವವರೇ ಇಲ್ಲವಾಗಿದ್ದಾರೆ. ವಿಜ್ಞಾನದವರಿಗೆ ಸಿಇಟಿ, ನೀಟ್, ಕೌನ್ಸೆಲಿಂಗ್ ಎಂದು ಹೆಜ್ಜೆ ಹೆಜ್ಜೆಗೂ ಮಾರ್ಗದರ್ಶನ. ಕಲಾ ವಿಭಾಗದ ಮಗು ಕಾಲೇಜಿನ ಕೌಂಟರಿನಲ್ಲಿ ನಿಂತು, ಗುಮಾಸ್ತರು ‘ಯಾವ ಕಾಂಬಿನೇಷನ್’ ಎಂದಾಗ ಸ್ನೇಹಿತೆ ಬರೆದದ್ದನ್ನೇ ಬರೆದುಬಿಡುತ್ತದೆ. ಆ ಒಂದು ನಿಮಿಷದ ಆಯ್ಕೆಯಿಂದ ಮುಂದಿನ ದಾರಿಗಳು ತೆರೆಯುತ್ತವೆ, ಮುಚ್ಚುತ್ತವೆ. ಪ್ರೌಢಶಾಲೆಯ ಶಿಕ್ಷಕಿಯಾಗುವ ಆಸೆಯಿದ್ದರೆ ಚರಿತ್ರೆ, ಭೂಗೋಳ, ಕನ್ನಡ, ಇಂಗ್ಲಿಷಿನಂಥ ಶಾಲೆಯಲ್ಲಿ ಕಲಿಸುವ ವಿಷಯಗಳು ಪದವಿಯಲ್ಲಿ ಇರಬೇಕು, ಇಲ್ಲದಿದ್ದರೆ ಬಿಎಡ್ ಮತ್ತು ನೇಮಕಾತಿಯ ಹೊತ್ತಿಗೆ ತೊಡಕಾಗುತ್ತದೆ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕಾದರೆ ಮನಶ್ಶಾಸ್ತ್ರದ ಸಾಮಾನ್ಯ ಬಿಎ, ಎಂಎ ಸಾಲದು. ಭಾರತೀಯ ಪುನರ್ವಸತಿ ಪರಿಷತ್ತು ಒಪ್ಪಿದ ತರಬೇತಿಯೂ ನೋಂದಣಿಯೂ ಬೇಕು. ವಿಶೇಷ ಮಕ್ಕಳ ಶಿಕ್ಷಕರಿಗೂ ಅದೇ ಪರಿಷತ್ತಿನ ನೋಂದಣಿ. ಎಂಎಸ್‌ಡಬ್ಲ್ಯು ಮಾಡಲು ಬಿಎಸ್‌ಡಬ್ಲ್ಯುವೇ ಆಗಬೇಕೆಂದು ಸಾಮಾನ್ಯವಾಗಿ ಇಲ್ಲ, ಬೇರೆ ಪದವಿಯಿಂದಲೂ ಬರಬಹುದು. ಆದರೆ ಮೂರು ವರ್ಷ ಕ್ಷೇತ್ರಕಾರ್ಯ ಮಾಡಿ ಬಂದವರ ಕೈ ಪಳಗಿರುತ್ತದೆ. ಕಾಲೇಜಿನಲ್ಲಿ ಪಾಠ ಮಾಡಬೇಕಾದರೆ ಸಾಮಾನ್ಯವಾಗಿ ಸ್ನಾತಕೋತ್ತರದಲ್ಲಿ 55 ಪ್ರತಿಶತ ಅಂಕ, ಮೇಲೆ ನೆಟ್ ಅಥವಾ ಕೆ-ಸೆಟ್ ಎಂಬ ಅರ್ಹತಾ ಪರೀಕ್ಷೆ. ಅಲ್ಲೂ ಅಂಕ ಬೇಕು ನೋಡಿ, ಯಾವುದೂ ಹಾಳಾಗುವುದಿಲ್ಲ.

ಪದವಿ 2024-25ರಿಂದ ಮತ್ತೆ ಮೂರು ವರ್ಷಕ್ಕೆ ಬಂದಿದೆ. ನಾಲ್ಕು ವರ್ಷವೆಂದು ಇನ್ನೂ ನಂಬಿ ಹಿಂದೆ ಸರಿಯುವವರು ಇದನ್ನು ಗಮನಿಸಲಿ. ಶುಲ್ಕ ಕಟ್ಟುವ ಮೊದಲು ಕಾಲೇಜಿಗೆ ಹೋಗಿ ನಿಮಗೆ ಬೇಕಾದ ವಿಷಯಕ್ಕೆ ಈ ವರ್ಷ ಉಪನ್ಯಾಸಕರು ಇದ್ದಾರೆಯೇ ಎಂದು ಕೇಳಿ. ಸೇರುವವರ ಸಂಖ್ಯೆ ಕಡಿಮೆಯಾದರೆ ವಿಷಯವನ್ನೇ ಕೈಬಿಡುವ ಕಾಲೇಜುಗಳಿವೆ. ಬಿಎಸ್‌ಡಬ್ಲ್ಯು ಆದರೆ ಕ್ಷೇತ್ರಕಾರ್ಯಕ್ಕೆ ಎಲ್ಲಿಗೆ ಕಳುಹಿಸುತ್ತಾರೆ, ಜೊತೆಗೆ ಯಾರು ಬರುತ್ತಾರೆ ಎಂದೂ ಕೇಳಿ. ಸಾಧ್ಯವಾದರೆ ಅಂತಿಮ ವರ್ಷದ ಒಬ್ಬ ವಿದ್ಯಾರ್ಥಿಯ ಜೊತೆ ಮಾತನಾಡಿ.

ದಾಖಲಾತಿ ಮುಗಿಯುವವರೆಗೆ ಸಂಜೆ ಏಳರ ನಂತರ ನಾನು ಫೋನಿಗೆ ಸಿಗುತ್ತೇನೆ. ನನ್ನ ಸಂಖ್ಯೆ ಇಲ್ಲದವರು ಮೆಸೆಂಜರ್‌ನಲ್ಲಿ ಬರೆಯಿರಿ. ಕಾರವಾರದ ಕಡೆಯವರು ಶನಿವಾರ ನೇರವಾಗಿ ಬಂದರೂ ಆಗುತ್ತದೆ. ಮಕ್ಕಳ ಜೊತೆ ಅಪ್ಪ ಅಮ್ಮಂದಿರೂ, ದೊಡ್ಡಪ್ಪಂದಿರೂ ಬರಲಿ.